ಒಂದು ಗಂಟು, ಮೂರು ವರದಿ

ಈ ತಿಂಗಳ ಅಂಚೆಯಲ್ಲಿ ಒಂದು ದಪ್ಪ ಲಕೋಟೆ ಬಂದಿತ್ತು. ಮಳೆಗೆ ಮೂಲೆ ನೆನೆದು ವಿಳಾಸದ ಶಾಯಿ ಹರಡಿಕೊಂಡಿದ್ದರೂ ನಮ್ಮ ಅಂಚೆಯವರು ಊಹೆಯ ಮೇಲೆ ತಂದುಕೊಟ್ಟರು. ಒಳಗೆ ಏಳು ಪುಟದ ಪತ್ರ, ಮೂರು ಲ್ಯಾಬುಗಳ ಮೂರು ವರದಿಗಳ ಜೆರಾಕ್ಸ್ ಪ್ರತಿ. 34 ವರ್ಷ ಸೂಕ್ಷ್ಮದರ್ಶಕದ ಮುಂದೆ ಬಗ್ಗಿ ಕುಳಿತು ಕತ್ತು ಸೊಟ್ಟಗಾದ ನನ್ನಂಥ ಪೆಥಾಲಜಿಸ್ಟಿಗೆ ಇಂಥ ಪತ್ರ ಬಂದರೆ ಒಲೆಯ ಮೇಲಿಟ್ಟ ಹಾಲೂ ಮರೆತುಹೋಗುತ್ತದೆ. ಆದ್ದರಿಂದ ಈ ಸಂಚಿಕೆಯ ಬಹುಪಾಲು ಜಾಗ ಅದಕ್ಕೇ ಹೋಗಿದೆ. ಮಂಡಿನೋವು, ಸಕ್ಕರೆ ಕಾಯಿಲೆ ಕುರಿತು ಬರೆದವರು ಮುಂದಿನ ತಿಂಗಳವರೆಗೆ ಕಾಯಬೇಕು.

ಪ್ರಶ್ನೆ: ನಮ್ಮ ಅಪ್ಪಯ್ಯನಿಗೆ 63 ವರ್ಷ. ಎರಡು ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ. ಬೀಡಿ ಬಿಟ್ಟು ಮೂರು ವರ್ಷವಾಯಿತು. ಹೋದ ದೀಪಾವಳಿಯಲ್ಲಿ ಎಣ್ಣೆ ಹಚ್ಚುವಾಗ ಅವರ ಕುತ್ತಿಗೆಯ ಎಡಗಡೆ ನೆಲ್ಲಿಕಾಯಿ ಗಾತ್ರದ ಗಂಟು ಅಮ್ಮನ ಕೈಗೆ ಸಿಕ್ಕಿತು. ನೋವಿರಲಿಲ್ಲ. ಸೂಜಿ ಹಾಕಿ ನೋಡಿ, ಕ್ಷಯದ ಗಂಟು ಇರಬಹುದು ಎಂದರು. ನಾಲ್ಕು ತಿಂಗಳು ಮಾತ್ರೆ ನುಂಗಿದರೂ ಇಳಿಯಲಿಲ್ಲ, ಕಂಕುಳಲ್ಲಿ ಇನ್ನೆರಡು ಎದ್ದವು. ಆಮೇಲೆ ದಪ್ಪ ಸೂಜಿಯಿಂದ ಕುತ್ತಿಗೆಯ ಗಂಟಿನ ಚೂರು ತೆಗೆದರು. ‘ಫಾಲಿಕ್ಯುಲರ್ ಲಿಂಫೋಮಾ’ ಎಂದು ಬಂತು. ಅದೇ ಗಂಟನ್ನು ಶಸ್ತ್ರಕ್ರಿಯೆ ಮಾಡಿ ಇಡಿಯಾಗಿ ತೆಗೆದಾಗ ಇನ್ನೊಂದು ಲ್ಯಾಬಿನವರು ‘ಹಾಜ್ಕಿನ್ ಲಿಂಫೋಮಾ’ ಎಂದರು. ಗಾಬರಿಯಾಗಿ ಬೆಂಗಳೂರಿಗೆ ಕೊಂಡುಹೋದೆವು. ಅಲ್ಲಿ ‘ಕಾಂಪೋಸಿಟ್ ಲಿಂಫೋಮಾ’ ಎಂಬ ಮೂರನೆಯ ಹೆಸರು. ಯಾರದು ಸರಿ, ಯಾರದು ತಪ್ಪು? ಎರಡು ಕ್ಯಾನ್ಸರ್ ಎಂದರೆ ಎರಡು ಪಟ್ಟು ಕಿಮೋ ಕೊಡುತ್ತಾರೆಯೇ? ಗುಣವಾಗುತ್ತದೆಯೇ? ನಮ್ಮ ಅತ್ತೆ ನಾಟಿ ಔಷಧಿಯೇ ಸಾಕು ಎನ್ನುತ್ತಾರೆ. ಅಪ್ಪಯ್ಯನಿಗೆ ಏನೂ ಹೇಳಿಲ್ಲ. ನೆಣದ ಗಂಟು ಎಂದಿದ್ದೇವೆ.
(ತೀರ್ಥಹಳ್ಳಿ ತಾಲ್ಲೂಕಿನ ಓದುಗರು, ಹೆಸರು ಹಾಕಬೇಡಿ ಎಂದಿದ್ದಾರೆ)

ಉತ್ತರ: ಲಿಂಫೋಮಾ ಎಂದು ಬರೆದ ಮೂವರಲ್ಲಿ ಯಾರೂ ಸುಳ್ಳು ಬರೆದಿಲ್ಲ. ಇಬ್ಬರು ತಮಗೆ ಕಂಡಷ್ಟನ್ನು ಬರೆದರು. ಮೂರನೆಯವರಿಗೆ ಹೆಚ್ಚು ಕಂಡಿತು.

ಶಿವಮೊಗ್ಗದ ಮಂಡಿಗೆ ಅಡಿಕೆ ಹಾಕುವ ಮನೆಯವರು ನೀವು. ಒಂದು ಮೂಟೆಯಲ್ಲಿ ಮೇಲೆ ‘ರಾಶಿ’, ಕೆಳಗೆ ‘ಗೊರಬಲು’ ಎಂಬ ಎರಡು ಬಗೆಯ ಅಡಿಕೆ ತುಂಬಿದೆ ಎಂದುಕೊಳ್ಳಿ. ಬಾಯಿ ಬಿಚ್ಚಿ ಒಂದು ಹಿಡಿ ತೆಗೆದವರು ರಾಶಿ ಎನ್ನುತ್ತಾರೆ. ತಳದ ಹೊಲಿಗೆ ಬಿಚ್ಚಿ ನೋಡಿದವರು ಗೊರಬಲು ಎನ್ನುತ್ತಾರೆ. ನೆಲಕ್ಕೆ ಸುರಿದು ಹರಡಿದವರಿಗೆ ಮಾತ್ರ ಎರಡೂ ಇರುವುದು ಗೊತ್ತಾಗುತ್ತದೆ. ದಪ್ಪ ಸೂಜಿ ಎಂದರೂ ಅದು ತರುವುದು ದಾರದೆಳೆಯಷ್ಟು ಅಂಗಾಂಶ. ನಿಮ್ಮ ತಂದೆಯವರ ಗಂಟಿನಲ್ಲಿ ಆ ಸೂಜಿ ಫಾಲಿಕ್ಯುಲರ್ ಭಾಗಕ್ಕೆ ಹೋಯಿತು. ಇಡೀ ಗಂಟು ಬಂದಾಗ ಎರಡನೆಯ ಲ್ಯಾಬಿನವರು ಮೊದಲು ಕತ್ತರಿಸಿದ ಭಾಗದಲ್ಲಿ ಹಾಜ್ಕಿನ್ ಕಣಗಳೇ ಎದ್ದು ಕಂಡಿರಬೇಕು. ಅವರ ವರದಿಯಲ್ಲಿ ‘ಒಂದು ಬ್ಲಾಕ್’ ಎಂದಿದೆ, ಬೆಂಗಳೂರಿನವರ ವರದಿಯಲ್ಲಿ ‘ನಾಲ್ಕು ಬ್ಲಾಕ್, ಹೆಚ್ಚುವರಿ ಕಟ್‌ಗಳು’ ಎಂದಿದೆ. ಬ್ಲಾಕ್ ಎಂದರೆ ಗಂಟಿನ ತುಂಡನ್ನು ಹುದುಗಿಸಿಟ್ಟ ಮೇಣದ ಗಟ್ಟಿ, ಕಟ್ ಎಂದರೆ ಅದರಿಂದ ಕೊಯ್ದ ತೆಳು ಪದರ. ಮೂರು ವರದಿಗಳ ಜಗಳ ತೀರುವುದು ಈ ಎರಡು ಸಾಲುಗಳಲ್ಲಿ. ನೀವು ಅವುಗಳ ಮೇಲೆ ಕಣ್ಣಾಡಿಸಿರಲಾರಿರಿ. ಎಲ್ಲರೂ ಕೊನೆಯ ಸಾಲಿನ ಹೆಸರಿಗೆ ಹಾರುತ್ತಾರೆ.

ಲಿಂಫೋಮಾ ಎಂದರೆ ದುಗ್ಧಗ್ರಂಥಿಗಳಲ್ಲಿರುವ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್. ಲಂಡನ್ನಿನ ವೈದ್ಯ ಥಾಮಸ್ ಹಾಜ್ಕಿನ್ 1832ರಲ್ಲಿ ವಿವರಿಸಿದ ಬಗೆಗೆ ಅವರ ಹೆಸರೇ ನಿಂತಿತು. ಉಳಿದ ಹತ್ತಾರು ಬಗೆಗಳನ್ನು ಒಟ್ಟಾಗಿ ನಾನ್-ಹಾಜ್ಕಿನ್ ಎನ್ನುತ್ತಾರೆ. ಫಾಲಿಕ್ಯುಲರ್ ಆ ಗುಂಪಿನದು. ಸಾಮಾನ್ಯವಾಗಿ ನಿಧಾನದ ಕಾಯಿಲೆ, ತೊಂದರೆ ಕೊಡದೆ ವರ್ಷಗಟ್ಟಲೆ ಕುಳಿತಿರಬಲ್ಲದು. ಒಂದೇ ಗಂಟಿನಲ್ಲಿ ಅಥವಾ ಒಂದೇ ಅಂಗದಲ್ಲಿ ಎರಡು ಬೇರೆ ಬೇರೆ ಲಿಂಫೋಮಾಗಳು ತಮ್ಮ ತಮ್ಮ ರೂಪದಲ್ಲೇ ಕಂಡಾಗ ಅದಕ್ಕೆ ಕಾಂಪೋಸಿಟ್ ಎಂದು ಹೆಸರು. 1954ರಲ್ಲಿ ಕಸ್ಟರ್ ಎಂಬ ಅಮೆರಿಕದ ಪೆಥಾಲಜಿಸ್ಟ್ ಬಳಸಿದ ಪದ ಅದು. ನೂರು ಲಿಂಫೋಮಾ ರೋಗಿಗಳಲ್ಲಿ ಒಬ್ಬರಿಂದ ನಾಲ್ವರವರೆಗೆ ಇಂಥವರು ಸಿಗುತ್ತಾರೆ ಎಂಬುದು ಪಠ್ಯಪುಸ್ತಕಗಳ ಲೆಕ್ಕ. ನಿಮ್ಮ ತಂದೆಯವರಲ್ಲಿರುವ ಜೋಡಿ ಅದರಲ್ಲೂ ಅಪರೂಪದ್ದು.

ಎರಡು ಎಲ್ಲಿಂದ ಬಂದವು ಎಂದು ಪತ್ರದ ಐದನೆಯ ಪುಟದಲ್ಲಿ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಅಕ್ಕಪಕ್ಕದಲ್ಲಿ ಮೊಳೆತ ಎರಡು ಗಿಡಗಳಂತೆ ಎರಡೂ ಬೇರೆ ಬೇರೆ ಹುಟ್ಟಿನವಾಗಿರಬಹುದು. ಆದರೆ ಫಾಲಿಕ್ಯುಲರ್ ಮತ್ತು ಹಾಜ್ಕಿನ್ ಜೊತೆಗೂಡಿದ ಹಲವರಲ್ಲಿ ಕಣಗಳ ವಂಶವಾಹಿಯನ್ನು ಹೋಲಿಸಿ ನೋಡಿದಾಗ ಎರಡಕ್ಕೂ ಒಂದೇ ತಾಯಿಕಣ ಇರುವುದು ಗೊತ್ತಾಗಿದೆ. 14ನೆಯ ಮತ್ತು 18ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗುವುದು ಫಾಲಿಕ್ಯುಲರ್ ಕಾಯಿಲೆಯ ಗುರುತು. ಇಂಥ ಜೋಡಿಗಳಲ್ಲಿ ಅದೇ ಗುರುತು ಹಾಜ್ಕಿನ್ ಕಣಗಳಲ್ಲೂ ಸಿಕ್ಕಿದ್ದುಂಟು. ಒಂದೇ ಬುಡ, ಎರಡು ಕವಲು. ಆ ಪರೀಕ್ಷೆಯಿಂದ ಚಿಕಿತ್ಸೆ ಬದಲಾಗುವುದು ಕಡಿಮೆ, ಅದಕ್ಕಾಗಿ ದುಡ್ಡು ಸುರಿಯಬೇಡಿ.

ಈಗ ನನ್ನದೊಂದು ತಪ್ಪನ್ನು ಹೇಳಿಬಿಡುತ್ತೇನೆ. 1996ರ ಮಳೆಗಾಲ. ಕೊಪ್ಪದ ಕಡೆಯ ಬಸ್ ಚಾಲಕರೊಬ್ಬರ ತೊಡೆಸಂದಿಯ ಗಂಟು ನನ್ನ ಮೇಜಿಗೆ ಬಂದಿತ್ತು. ಕೋಶಗಳು ದುಂಡುದುಂಡಾದ ಗುಂಪುಗಳಾಗಿ, ಒಂದಕ್ಕೊಂದು ಒತ್ತಿಕೊಂಡು, ಪುಸ್ತಕದ ಚಿತ್ರದಂತೆ ಫಾಲಿಕ್ಯುಲರ್. ನಾಲ್ಕು ಸಾಲು ಬರೆದು ಸಹಿ ಹಾಕಿ ಊಟಕ್ಕೆ ಎದ್ದೆ. ಮಧ್ಯಾಹ್ನ ಎರಡು ಗಂಟೆಯಾಗಿತ್ತು ಎಂಬುದು ಈಗಲೂ ನೆನಪಿದೆ. ಎರಡು ವರ್ಷದ ನಂತರ ಅವರು ರಾತ್ರಿ ಬೆವರು, ಮೈತುರಿಕೆ, ಹೊಸ ಗಂಟುಗಳೊಂದಿಗೆ ಮರಳಿದರು. ಈ ಸಲ ತೆಗೆದ ಗಂಟಿನಲ್ಲಿ ಹಾಜ್ಕಿನ್. ನನ್ನ ಹಿರಿಯರು ಬೈಯಲಿಲ್ಲ. ಹಳೆಯ ಸ್ಲೈಡ್ ತರಿಸಿ ಎಂದರು, ಅಷ್ಟೇ. ಅದರ ಅಂಚಿನಲ್ಲಿ, ನಾನು ಬೇಗಬೇಗ ದಾಟಿಹೋಗಿದ್ದ ಜಾಗದಲ್ಲಿ, ದೊಡ್ಡ ಕಣಗಳು ಇದ್ದವು: ಒಂದೊಂದರಲ್ಲಿ ಎರಡೆರಡು ಕೋಶಕೇಂದ್ರ, ಪ್ರತಿಯೊಂದರ ನಡುವೆ ಕೆಂಪು ಬೊಟ್ಟು, ಗೂಬೆ ದಿಟ್ಟಿಸಿದಂತೆ. ರೀಡ್-ಸ್ಟರ್ನ್‌ಬರ್ಗ್ ಕಣ ಎಂದರೆ ಅದೇ. ಅವು ಎರಡು ವರ್ಷದಿಂದ ಗಾಜಿನ ಮೇಲೇ ಕುಳಿತಿದ್ದವು. ಬ್ಲಾಕ್ ಉಳಿದಿದ್ದರಿಂದ ಹೊಸ ಕಟ್ ತೆಗೆದು ಬೆಂಗಳೂರಿಗೆ ಕಳುಹಿಸಿದೆವು, ಎರಡೂ ಇರುವುದು ಖಚಿತವಾಯಿತು. ಅಂದಿನಿಂದ ಹಸಿವಾದಾಗ ನಾನು ಲಿಂಫೋಮಾ ವರದಿಗೆ ಸಹಿ ಹಾಕಿಲ್ಲ.

ಇಂದಿನ ಪೆಥಾಲಜಿಸ್ಟ್‌ಗಳಿಗೆ ಅನುಕೂಲ ಹೆಚ್ಚು. ಐಎಚ್‌ಸಿ ಎಂಬ ಪರೀಕ್ಷೆಯಲ್ಲಿ ಪ್ರತಿಕಾಯಗಳನ್ನು ಹಚ್ಚಿ ಕಣದ ಮೇಲಿನ ಗುರುತುಗಳಿಗೆ ಬಣ್ಣ ಬರಿಸುತ್ತಾರೆ. ಫಾಲಿಕ್ಯುಲರ್ ಭಾಗ ಸಿಡಿ20, ಸಿಡಿ10, ಬಿಸಿಎಲ್6, ಬಿಸಿಎಲ್2ಗಳಿಗೆ ಬಣ್ಣ ಹಿಡಿಯುತ್ತದೆ. ಹಾಜ್ಕಿನ್ ಕಣ ಸಿಡಿ30ಕ್ಕೆ, ಬಹಳ ಸಲ ಸಿಡಿ15ಕ್ಕೂ ಹಿಡಿಯುತ್ತದೆ, ಸಿಡಿ20ಕ್ಕೆ ಸಾಮಾನ್ಯವಾಗಿ ಹಿಡಿಯುವುದಿಲ್ಲ, ಪ್ಯಾಕ್ಸ್5ಕ್ಕೆ ಮಂಕಾಗಿ ಹಿಡಿಯುತ್ತದೆ. ನಿಮ್ಮ ಮೂರನೆಯ ವರದಿಯ ಎರಡನೆಯ ಪುಟದಲ್ಲಿ ಇದೇ ವಿವರ, ಯಾವ ಜಾಗದಲ್ಲಿ ಯಾವ ಬಣ್ಣ ಎಂದು ಬಿಡಿಸಿ ಬರೆದಿದ್ದಾರೆ. ಒಳ್ಳೆಯ ಕೆಲಸ. ಹಾಗೆಂದು ಗೂಬೆಗಣ್ಣು ಕಂಡಲ್ಲೆಲ್ಲ ಹಾಜ್ಕಿನ್ ಎನ್ನುವಂತಿಲ್ಲ. ಬರಿಯ ಫಾಲಿಕ್ಯುಲರ್ ಕಾಯಿಲೆಯಲ್ಲೂ, ಕೆಲವು ವೈರಸ್ ಸೋಂಕುಗಳಲ್ಲೂ ಅದನ್ನೇ ಹೋಲುವ ಕಣ ಬರುತ್ತದೆ. ಅದಕ್ಕೇ ಇಂಥ ಅಪರೂಪದ ಹೆಸರು ಬಂದಾಗ ಲಿಂಫೋಮಾವನ್ನೇ ದಿನವೂ ನೋಡುವ ಇನ್ನೊಬ್ಬರು ಸ್ಲೈಡ್ ನೋಡಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ, ಘಟ್ಟ ಇಳಿದರೆ ಮಣಿಪಾಲದಲ್ಲಿ ಬೋಧನಾ ಆಸ್ಪತ್ರೆ ಇದೆ. ಮರುಪರಿಶೀಲನೆಗೆ ಕಾಗದದ ವರದಿ ಒಯ್ದರೆ ಸಾಲದು; ಮೇಣದ ಬ್ಲಾಕ್, ಸ್ಲೈಡ್ ಎರಡೂ ಬೇಕು. ಲ್ಯಾಬಿಗೆ ಅರ್ಜಿ ಕೊಟ್ಟು, ರಸೀದಿಗೆ ಸಹಿ ಹಾಕಿ ಪಡೆದುಕೊಳ್ಳಿ. ಕೇಳಿದರೆ ಅವರಿಗೆ ಬೇಸರವಾಗುತ್ತದೆ ಎಂಬ ಸಂಕೋಚ ಬೇಡ. ನನ್ನ ಕೆಲಸವನ್ನು ಇನ್ನೊಬ್ಬರು ನೋಡಲಿ ಎಂದವರ ಮೇಲೆ ನಾನೆಂದೂ ಸಿಟ್ಟಾಗಿಲ್ಲ. ಸುಳ್ಳು, ಒಮ್ಮೆ ಆಗಿದ್ದೆ.

ಕ್ಷಯದ ಮಾತ್ರೆ ಕೊಟ್ಟವರ ಮೇಲೆ ನಿಮಗೆ ಕೋಪವಿದೆ. ನಮ್ಮ ದೇಶದಲ್ಲಿ ಕುತ್ತಿಗೆಯ ಗಂಟು ಎಂದರೆ ಮೊದಲು ಕ್ಷಯ ನೆನಪಾಗುವುದು ಸಹಜ. ಗಂಡಮಾಲೆ ಎಂಬ ಹಳೆಯ ಹೆಸರು ಸುಮ್ಮನೆ ಹುಟ್ಟಿದ್ದಲ್ಲ. ಕ್ಷಯದಲ್ಲಿ ಕಾಣುವ ಗ್ರಾನುಲೋಮಾ ಎಂಬ ಕಣಗುಂಪು ಹಾಜ್ಕಿನ್ ಗಂಟಿನಲ್ಲೂ ಕಾಣಬಹುದು, ತೆಳುವಾದ ಸೂಜಿಗೆ ಅದಷ್ಟೇ ಸಿಕ್ಕಿದರೆ ಯಾರಾದರೂ ಮೋಸಹೋದಾರು. ಆದರೆ ಕ್ರಿಮಿ ಕಂಡಿದೆಯೇ, ಕ್ರಿಮಿಯ ವಂಶವಾಹಿಯನ್ನು ಹುಡುಕುವ ಸಿಬಿನ್ಯಾಟ್ ಪರೀಕ್ಷೆ ಮಾಡಿದ್ದಾರೆಯೇ ಎಂದು ಕೇಳಬೇಕಿತ್ತು. ಎರಡೂ ಇಲ್ಲದೆ ಮಾತ್ರೆ ಶುರುವಾಗಿ, ಎರಡು ತಿಂಗಳಾದರೂ ಗಂಟು ಇಳಿಯದಿದ್ದರೆ, ಅಲ್ಲೇ ನಿಂತು ಗಂಟನ್ನು ಇಡಿಯಾಗಿ ತೆಗೆಸುವುದು ಸರಿಯಾದ ದಾರಿ. ಕ್ಷಯದ ಗಂಟುಗಳು ಚಿಕಿತ್ಸೆಯ ನಡುವೆ ಕೆಲವು ಸಲ ಊದಿಕೊಳ್ಳುವುದೂ ಉಂಟು, ‘ಇನ್ನೊಂದು ತಿಂಗಳು ನೋಡೋಣ’ ಎಂಬ ಮಾತು ಹುಟ್ಟುವುದು ಅಲ್ಲಿಂದ. ಆ ಇನ್ನೊಂದು ತಿಂಗಳು ನಾಲ್ಕಾಗುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮಾತ್ರೆಯನ್ನು ಯಾವಾಗ ನಿಲ್ಲಿಸಿದಿರಿ ಎಂಬುದನ್ನು ಕ್ಯಾನ್ಸರ್ ತಜ್ಞರಿಗೆ ತಪ್ಪದೆ ತಿಳಿಸಿ. ಅದು ಯಕೃತ್ತನ್ನು ಚುರುಕಾಗಿಸಿ ಬೇರೆ ಔಷಧಿಗಳನ್ನು ಬೇಗ ಕರಗಿಸಿಬಿಡುತ್ತದೆ.

ಇನ್ನು ಚಿಕಿತ್ಸೆ. ಮೊದಲು ಪೆಟ್-ಸಿಟಿ ಸ್ಕ್ಯಾನ್, ಮೂಳೆಮಜ್ಜೆಯ ಪರೀಕ್ಷೆ, ಹೃದಯದ ಎಕೋ, ಹೆಪಟೈಟಿಸ್ ಬಿ ರಕ್ತಪರೀಕ್ಷೆ ಹೇಳಿರುತ್ತಾರೆ. ಕೊನೆಯದನ್ನು ‘ಜಾಂಡೀಸ್ ಇಲ್ಲವಲ್ಲ’ ಎಂದು ಬಿಡಿಸಬೇಡಿ. ರಿಟುಕ್ಸಿಮ್ಯಾಬ್ ಎಂಬ ಲಿಂಫೋಮಾದ ಔಷಧಿ ಕೊಟ್ಟಾಗ ಅಡಗಿ ಕುಳಿತ ಆ ವೈರಸ್ ಎದ್ದು ಪ್ರಾಣಕ್ಕೆ ಕುತ್ತು ತರಬಹುದು. ಪೆಟ್ ಸ್ಕ್ಯಾನಿನಲ್ಲಿ ಸಕ್ಕರೆಯಂಥ ವಸ್ತುವನ್ನು ಕೊಟ್ಟು, ಯಾವ ಗಂಟು ಅದನ್ನು ಎಷ್ಟು ಹೀರುತ್ತದೆ ಎಂದು ನೋಡುತ್ತಾರೆ. ಚುರುಕಾದ ಕಾಯಿಲೆ ಹೆಚ್ಚು ಹೊಳೆಯುತ್ತದೆ. ಕಂಕುಳಿನ ಗಂಟು ಕುತ್ತಿಗೆಯದಕ್ಕಿಂತ ಬಹಳ ಹೆಚ್ಚು ಹೊಳೆದರೆ ಅಲ್ಲಿಂದಲೂ ಬಯಾಪ್ಸಿ ಕೇಳಬಹುದು. ಮತ್ತೆ ಚುಚ್ಚುತ್ತಾರಲ್ಲ ಎಂದು ಸಿಡುಕಬೇಡಿ. ಎರಡು ಕಾಯಿಲೆ ಎರಡು ಬೇರೆ ಜಾಗಗಳಲ್ಲಿ ಮನೆ ಮಾಡಿಕೊಂಡಿರುವುದೂ ಉಂಟು.

ಎರಡು ಪಟ್ಟು ಕಿಮೋ ಇಲ್ಲ. ಯಾಕೆ ಇಲ್ಲ ಎಂಬುದನ್ನು ಲೆಕ್ಕದಲ್ಲೇ ತೋರಿಸುತ್ತೇನೆ. ನಾನ್-ಹಾಜ್ಕಿನ್‌ಗೆ ಕೊಡುವ ಆರ್-ಚಾಪ್ ಐದು ಔಷಧಿಗಳ ಕಟ್ಟು, 21 ದಿನಕ್ಕೊಮ್ಮೆ. ಹಾಜ್ಕಿನ್‌ಗೆ ಹಳೆಯಿಂದ ಕೊಡುವ ಎಬಿವಿಡಿ ನಾಲ್ಕರ ಕಟ್ಟು, 14 ದಿನಕ್ಕೊಮ್ಮೆ. ಎರಡರಲ್ಲೂ ಇರುವ ಒಂದು ಔಷಧಿ ಡಾಕ್ಸೊರುಬಿಸಿನ್, ರೋಗಿಗಳ ಬಾಯಲ್ಲಿ ‘ಕೆಂಪು ಇಂಜೆಕ್ಷನ್’. ಅದು ಹೃದಯದ ಸ್ನಾಯುವಿಗೆ ಕೆಟ್ಟದ್ದು. ಜೀವಮಾನದಲ್ಲಿ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಒಟ್ಟು 450ರಿಂದ 550 ಮಿಲಿಗ್ರಾಂ ದಾಟಬಾರದು. ಆರ್-ಚಾಪ್‌ನಲ್ಲಿ ಸಲಕ್ಕೆ 50ರಂತೆ ಆರು ಸಲಕ್ಕೆ 300. ಎಬಿವಿಡಿಯಲ್ಲಿ ಸಲಕ್ಕೆ 25, ತಿಂಗಳಿಗೆ ಎರಡು, ಆರು ತಿಂಗಳಿಗೆ 300. ಎರಡನ್ನೂ ಪೂರ್ತಿ ಕೊಟ್ಟರೆ 600. ಹಾಗಾಗಿ ಯಾವುದಾದರೂ ಒಂದು ದಾರಿಯನ್ನೇ ಆರಿಸಬೇಕು. ಹೆಚ್ಚು ಅವಸರದ ಕಾಯಿಲೆ ಯಾವುದೋ ಅದನ್ನು ಮುಂದಿಟ್ಟುಕೊಂಡು, ಸಾಧ್ಯವಾದರೆ ಇನ್ನೊಂದಕ್ಕೂ ತಾಗುವ ಕಟ್ಟನ್ನು ತಜ್ಞರು ಆರಿಸುತ್ತಾರೆ. ಕೆಲವರಿಗೆ ಎಬಿವಿಡಿಯ ಜೊತೆ ರಿಟುಕ್ಸಿಮ್ಯಾಬ್ ಸೇರಿಸಿದ್ದುಂಟು, ಕೆಲವರಿಗೆ ಆರ್-ಚಾಪ್ ಸಾಕಾಗಿದ್ದುಂಟು. ಸಾವಿರಾರು ರೋಗಿಗಳ ಮೇಲೆ ಪ್ರಯೋಗ ಮಾಡಿ ಬರೆದಿಟ್ಟ ಸೂತ್ರ ಇದಕ್ಕಿಲ್ಲ, ಅಷ್ಟು ರೋಗಿಗಳೇ ಸಿಗುವುದಿಲ್ಲ. ಇಬ್ಬರು ತಜ್ಞರು ಬೇರೆ ಬೇರೆ ಕಟ್ಟು ಹೇಳಿದರೆ ಒಬ್ಬರು ದಡ್ಡರು ಎಂದು ತೀರ್ಮಾನಿಸಬೇಡಿ. ನಿಮ್ಮ ತಂದೆ 60 ದಾಟಿದವರು, ಬೀಡಿ ಸೇದಿದವರು. ಎಬಿವಿಡಿಯಲ್ಲಿರುವ ಬ್ಲಿಯೊಮೈಸಿನ್ ಶ್ವಾಸಕೋಶಕ್ಕೆ ತೊಂದರೆ ಕೊಡುತ್ತದೆ, ವಯಸ್ಸಾದವರಿಗೆ ಇನ್ನೂ ಹೆಚ್ಚು. ಬೀಡಿಯ ಸಂಗತಿಯನ್ನು ವೈದ್ಯರಿಗೆ ಹೇಳಿದ್ದೀರೋ ಇಲ್ಲವೋ ಪತ್ರದಲ್ಲಿಲ್ಲ. ಹೇಳಿ. ಯಾವ ವರ್ಷದಿಂದ, ದಿನಕ್ಕೆ ಎಷ್ಟು, ಎಲ್ಲವನ್ನೂ.

ಗುಣವಾಗುತ್ತದೆಯೇ ಎಂದರೆ, ಹಾಜ್ಕಿನ್ ಭಾಗ ಪೂರ್ತಿ ಅಳಿಸಿಹೋಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಫಾಲಿಕ್ಯುಲರ್ ಭಾಗ ಇಳಿದು ಮಲಗುತ್ತದೆ, ವರ್ಷಗಳ ಮೇಲೆ ಮತ್ತೆ ಏಳಬಹುದು, ಎದ್ದಾಗ ಮತ್ತೆ ಇಳಿಸಬಹುದು. ಎರಡು ಅಥವಾ ಹೆಚ್ಚು ಸುತ್ತುಗಳ ನಂತರ ಮತ್ತೆ ಸ್ಕ್ಯಾನ್ ಮಾಡಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಡೋವಿಲ್ ಅಂಕ ಎನ್ನುತ್ತಾರೆ, ಫ್ರಾನ್ಸಿನ ಊರಿನ ಹೆಸರು. ಶಾಲೆಯ ಅಂಕದಂತಲ್ಲ, ಇಲ್ಲಿ ಕಡಿಮೆ ಬಂದರೆ ಸಂತೋಷ. ಮುಂದೆಂದಾದರೂ ಗಂಟು ಮರಳಿದರೆ ‘ಹಳೆಯದೇ ಬಂತು’ ಎಂದು ಹಳೆಯ ಚೀಟಿಯ ಮೇಲೆ ಔಷಧಿ ಶುರುಮಾಡಿಸಬೇಡಿ. ಬಂದದ್ದು ಎರಡರಲ್ಲಿ ಯಾವುದು ಎಂದು ಮತ್ತೆ ಬಯಾಪ್ಸಿಯೇ ಹೇಳಬೇಕು. ಬಸ್ ಚಾಲಕರಿಗೆ ಆದದ್ದನ್ನು ಮೇಲೆ ಬರೆದಿದ್ದೇನೆ.

ಕಿಮೋ ನಡೆಯುವಾಗ ನನಗಿರುವ ದೊಡ್ಡ ಹೆದರಿಕೆ ನಿಮ್ಮ ಊರಿನದು. ಔಷಧಿ ಕೊಟ್ಟ ಏಳರಿಂದ ಹದಿನಾಲ್ಕನೆಯ ದಿನದ ನಡುವೆ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸುವಂತಿಲ್ಲ, ಒಂದೆರಡು ಗಂಟೆಯಲ್ಲಿ ರಕ್ತನಾಳಕ್ಕೆ ಆ್ಯಂಟಿಬಯಾಟಿಕ್ ಬೀಳಬೇಕು. ಆಷಾಢದ ರಾತ್ರಿ, ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ, ಮುಖ್ಯರಸ್ತೆಗೆ ಮೂರು ಕಿಲೋಮೀಟರ್, ಅಡ್ಡಲಾಗಿ ಬಿದ್ದ ಮರ. ಇದನ್ನೆಲ್ಲ ಈಗಲೇ ಯೋಚಿಸಿ. ಆ ಒಂದು ವಾರ ಶಿವಮೊಗ್ಗದಲ್ಲಿ ನೆಂಟರ ಮನೆಯಲ್ಲಿರಲಿ. ಅದಾಗದಿದ್ದರೆ ರಾತ್ರಿ ಯಾವ ಆಸ್ಪತ್ರೆ, ಯಾರ ಜೀಪು ಎಂದು ಮೊದಲೇ ಮಾತಾಡಿಡಿ. ಆ ದಿನಗಳಲ್ಲಿ ಕೊಟ್ಟಿಗೆಯ ಗೊಬ್ಬರ ತೆಗೆಯುವುದು, ದರಗು ಗುಡಿಸುವುದು, ಮುಗ್ಗಿದ ಅಡಿಕೆ ಸಿಪ್ಪೆಯ ರಾಶಿಯ ಹತ್ತಿರ ಸುಳಿಯುವುದು ಬೇಡವೇ ಬೇಡ. ಅಲ್ಲಿನ ಬೂಷ್ಟು ಶ್ವಾಸಕೋಶಕ್ಕೆ ಇಳಿದರೆ ಕ್ಯಾನ್ಸರಿಗಿಂತ ಬೇಗ ಕೆಲಸ ಮುಗಿಸುತ್ತದೆ. ಕೆಂಪು ಇಂಜೆಕ್ಷನ್ನಿನ ಮರುದಿನ ಮೂತ್ರ ಕೆಂಪಗಾದರೆ ಹೆದರಬೇಡಿ, ಅದು ಔಷಧಿಯ ಬಣ್ಣ. ಬೆರಳ ತುದಿ ಜೋಮು ಹಿಡಿದರೆ, ಅಂಗಿಯ ಗುಂಡಿ ಹಾಕಲು ಬಾರದಿದ್ದರೆ ಮುಂದಿನ ಸುತ್ತಿಗೆ ಮೊದಲೇ ಹೇಳಿ. ಅದು ಆರ್-ಚಾಪ್‌ನಲ್ಲಿರುವ ವಿನ್‌ಕ್ರಿಸ್ಟಿನ್ ಎಂಬ ಔಷಧಿಯ ಕೆಲಸ.

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ನಾನೂ ಕಷಾಯ ಕುಡಿದು ಬೆಳೆದವಳೇ. ಆದರೆ ಕಿಮೋದ ತಿಂಗಳುಗಳಲ್ಲಿ ಯಾವ ಚಕ್ಕೆಯ ಕಷಾಯವೂ ಬೇಡ. ಅದರೊಳಗೆ ಏನಿದೆ ಎಂದು ತಿಳಿಯದೆ ಯಕೃತ್ತಿಗೆ ಎರಡು ಹೊರೆ ಹೊರಿಸಿದಂತಾಗುತ್ತದೆ. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡಬೇಡಿ, ವೈದ್ಯರು ಗದರಿದರೆ ಗದರಲಿ.

ಖರ್ಚಿನ ಬಗ್ಗೆ ಎರಡು ಮಾತು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡಾ 30, ಗರಿಷ್ಠ ಒಂದೂವರೆ ಲಕ್ಷ. ಯಾವ ಔಷಧಿ ಒಳಗೆ, ಯಾವುದು ಹೊರಗೆ ಎಂಬುದನ್ನು ಆಸ್ಪತ್ರೆಯ ‘ಆರೋಗ್ಯ ಮಿತ್ರ’ರ ಹತ್ತಿರ ಮೊದಲೇ ಬರೆಸಿಕೊಳ್ಳಿ. ರಿಟುಕ್ಸಿಮ್ಯಾಬ್ ಅನ್ನು 2007ರಿಂದ ನಮ್ಮ ದೇಶದಲ್ಲೇ ತಯಾರಿಸುತ್ತಾರೆ, ಹಿಂದಿನ ಬೆಲೆಯಿಲ್ಲ. ರೈಲಿನಲ್ಲಿ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರಿಯಾಯಿತಿ ಇದೆ, ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ಕೊನೆಗೆ ಆ ನೆಣದ ಗಂಟಿನ ಕಥೆ. ಮರದ ಕೆಳಗೆ ನಿಂತು ಕೊನೆ ನೋಡಿ ಇಷ್ಟು ಕ್ವಿಂಟಲ್ ಎಂದು ಹೇಳುವವರು ನಿಮ್ಮ ಅಪ್ಪಯ್ಯ. ನೆಣದ ಗಂಟಿಗೆ ಯಾರೂ ಬೆಂಗಳೂರಿಗೆ ಕರೆದೊಯ್ಯುವುದಿಲ್ಲ ಎಂಬುದು ಅವರಿಗೆ ತಿಳಿದಿಲ್ಲ ಎಂದುಕೊಂಡಿರಾ? ನಿಮಗೆ ನೋವಾಗಬಾರದೆಂದು ಅವರೇ ನಟಿಸುತ್ತಿರಬಹುದು. ಹೇಳಿ. ಜ್ವರ ಬಂದಾಗ ರಾತ್ರಿ ನಿಮ್ಮನ್ನು ಎಬ್ಬಿಸಬೇಕಾದವರು ಅವರು, ಯಾಕೆ ಎಬ್ಬಿಸಬೇಕು ಎಂಬುದು ಅವರಿಗೆ ಗೊತ್ತಿರಬೇಕು.

ಪ್ರಶ್ನೆ: ನನ್ನ ಬಯಾಪ್ಸಿ ವರದಿಯಲ್ಲಿ ‘ಸಿಡಿ20 ಪಾಸಿಟಿವ್’ ಎಂದಿದೆ. ಎಚ್‌ಐವಿ ಪಾಸಿಟಿವ್ ಎಂಬಂತೆ ಇದೂ ಕೆಟ್ಟ ಸುದ್ದಿಯೇ? ಮೂರು ದಿನದಿಂದ ನಿದ್ದೆಯಿಲ್ಲ.
(ನಿವೃತ್ತ ಶಿಕ್ಷಕಿ, ಶಿಕಾರಿಪುರ)

ಉತ್ತರ: ಮಲಗಿ ಮೇಡಂ. ಸಿಡಿ20 ಎಂಬುದು ಬಿ-ಲಿಂಫೋಸೈಟ್‌ಗಳ ಮೈಮೇಲಿನ ಹೆಸರುಪಟ್ಟಿ. ಆರೋಗ್ಯವಂತರ ಕಣಗಳಲ್ಲೂ ಇರುತ್ತದೆ. ರಿಟುಕ್ಸಿಮ್ಯಾಬ್ ಆ ಪಟ್ಟಿಯನ್ನೇ ಹುಡುಕಿಕೊಂಡು ಹೋಗಿ ಹಿಡಿಯುವ ಔಷಧಿ. ಪಾಸಿಟಿವ್ ಇದ್ದರೆ ಔಷಧಿಗೆ ವಿಳಾಸ ಸಿಕ್ಕಿತು ಎಂದರ್ಥ.

ಪ್ರಶ್ನೆ: ಅಮ್ಮನಿಗೆ 71. ಎಂಟು ವರ್ಷದಿಂದ ಸಿಎಲ್‌ಎಲ್ ಎಂಬ ನಿಧಾನದ ರಕ್ತಕ್ಯಾನ್ಸರ್. ಔಷಧಿಯಿಲ್ಲದೆ ನೋಡಿಕೊಂಡು ಬಂದಿದ್ದೆವು. ಒಂದೂವರೆ ತಿಂಗಳಿನಿಂದ ಸಂಜೆ ಜ್ವರ, ಆರು ಕಿಲೋ ಇಳಿದಿದ್ದಾರೆ, ಕುತ್ತಿಗೆಯ ಒಂದು ಗಂಟು ಮಾತ್ರ ದಿನದಿನಕ್ಕೆ ಬೆಳೆಯುತ್ತಿದೆ. ಮುಂದಿನ ತಪಾಸಣೆ ಎರಡು ತಿಂಗಳಿಗಿದೆ. ಕಾಯಬಹುದೇ?
(ಓದುಗರು, ಸಾಗರ)

ಉತ್ತರ: ಕಾಯಬೇಡಿ. ಈ ಸಂಚಿಕೆ ಕೈಗೆ ಬರುವ ಮೊದಲೇ ನಿಮಗೆ ಫೋನಿನಲ್ಲಿ ಹೇಳಿಯಾಗಿದೆ, ಉಳಿದವರಿಗಾಗಿ ಇಲ್ಲಿ ಬರೆಯುತ್ತೇನೆ. ಸಿಎಲ್‌ಎಲ್ ಇರುವ ಕೆಲವರಲ್ಲಿ ಅದು ವೇಗದ ಲಿಂಫೋಮಾ ಆಗಿ ಮಾರ್ಪಡುತ್ತದೆ. 1928ರಲ್ಲಿ ಮಾರಿಸ್ ರಿಕ್ಟರ್ ವರದಿ ಮಾಡಿದ್ದರಿಂದ ರಿಕ್ಟರ್ ಮಾರ್ಪಾಡು ಎಂದು ಹೆಸರು. ಹೆಚ್ಚಿನವರಲ್ಲಿ ಅದು ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಎಂಬ ಬಗೆ, ಅಪರೂಪಕ್ಕೆ ಹಾಜ್ಕಿನ್. ತೀರ್ಥಹಳ್ಳಿಯವರ ಕಾಯಿಲೆಗೆ ಇದು ದಾಯಾದಿ. ಅಲ್ಲಿ ಎರಡೂ ಒಟ್ಟಿಗೆ ಕಂಡವು, ಇಲ್ಲಿ ಒಂದರ ಹಿಂದೆ ಇನ್ನೊಂದು. ಒಂದೇ ಗಂಟು ದಿಢೀರನೆ ಬೆಳೆಯುವುದು, ಜ್ವರ, ತೂಕ ಇಳಿಯುವುದು, ರಕ್ತದಲ್ಲಿ ಎಲ್‌ಡಿಎಚ್ ಎಂಬ ಕಿಣ್ವ ಏರುವುದು ಇದರ ಸುಳಿವು. ಪೆಟ್ ಸ್ಕ್ಯಾನಿನಲ್ಲಿ ಅತಿ ಹೆಚ್ಚು ಹೊಳೆಯುವ ಗಂಟನ್ನೇ ತೆಗೆದು ನೋಡಬೇಕು. ಕೈಗೆ ಸುಲಭವಾಗಿ ಸಿಕ್ಕಿತೆಂದು ಬೇರೊಂದನ್ನು ತೆಗೆದರೆ ‘ಹಳೆಯ ಸಿಎಲ್‌ಎಲ್’ ಎಂಬ ಹಳೆಯ ಉತ್ತರವೇ ಬರುತ್ತದೆ.

ಪ್ರಶ್ನೆ: ಮೂವತ್ತು ವರ್ಷದಿಂದ ಅಡಿಕೆ ಕೊನೆಗಾರ. ಕೊಳೆ ರೋಗಕ್ಕೆ ಮೈಲುತುತ್ತ-ಸುಣ್ಣ ಹೊಡೆದೂ ಹೊಡೆದೂ ಮೈಯೆಲ್ಲ ನೀಲಿ. ಇದರಿಂದಲೇ ಗಂಟಿನ ಕ್ಯಾನ್ಸರ್ ಬರುತ್ತದೆಯೇ? ಮಂಗನ ಕಾಯಿಲೆ ಬಂದು ಹೋದವರಿಗೂ ಬರುತ್ತದಂತೆ, ಹೌದೇ?
(ಹೊಸನಗರ ತಾಲ್ಲೂಕು)

ಉತ್ತರ: ಮೈಲುತುತ್ತ-ಸುಣ್ಣದ ಈ ಬೋರ್ಡೋ ದ್ರಾವಣದ ಮೇಲೆ ಲಿಂಫೋಮಾದ ಆರೋಪವಿಲ್ಲ. ಅದರ ತುಂತುರು ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಕೆಡುತ್ತದೆ ಎಂಬುದನ್ನು ಪೋರ್ಚುಗಲ್ಲಿನ ದ್ರಾಕ್ಷಿತೋಟದ ಕೆಲಸಗಾರರಲ್ಲಿ ಕಂಡುಕೊಂಡಿದ್ದಾರೆ, ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಲು ಅಷ್ಟು ಕಾರಣ ಸಾಕು. ನನ್ನ ಸಂಶಯ ಬೇರೆ ಡಬ್ಬಿಗಳ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಲಿಂಡೇನ್ ಕೀಟನಾಶಕ ನಾನ್-ಹಾಜ್ಕಿನ್ ಲಿಂಫೋಮಾ ತರುತ್ತದೆ ಎಂದಿತು. ಕಳೆನಾಶಕ ಗ್ಲೈಫೋಸೇಟ್ ಕ್ಯಾನ್ಸರ್ ತರುವ ಸಂಭವವಿದೆ ಎಂದಿತು. ಎರಡನೆಯದರ ಬಗ್ಗೆ ಬೇರೆ ಸಂಸ್ಥೆಗಳ ತಕರಾರಿದೆ. ಆದರೂ ಬರಿಗಾಲಲ್ಲಿ, ಬರಿಗೈಯಲ್ಲಿ ಕಳೆ ಔಷಧಿ ಹೊಡೆಯುವ ಹುಡುಗರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಹೊಡೆಸುವ ಮಾಲೀಕರ ಮೇಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯಲ್ಲಿ ಗಂಟುಗಳು ಊದಿಕೊಳ್ಳಬಹುದು, ಜ್ವರದೊಂದಿಗೆ ಇಳಿಯುತ್ತವೆ. ಅದರಿಂದ ಲಿಂಫೋಮಾ ಬರುತ್ತದೆ ಎನ್ನಲು ಆಧಾರವಿಲ್ಲ.

ಪ್ರಶ್ನೆ: ಆಸ್ಪತ್ರೆಯವರು ಅಣ್ಣನ ಸ್ಲೈಡ್ ಮತ್ತು ಮೇಣದ ಬ್ಲಾಕ್ ನಮ್ಮ ಕೈಗೇ ಕೊಟ್ಟಿದ್ದಾರೆ. ಮನೆಯಲ್ಲಿ ಎಲ್ಲಿಡಬೇಕು? ಎಷ್ಟು ದಿನ ಹಾಳಾಗುವುದಿಲ್ಲ?
(ಭದ್ರಾವತಿ)

ಉತ್ತರ: ಬ್ಲಾಕ್ ಸರಿಯಾಗಿಟ್ಟರೆ ಹತ್ತಾರು ವರ್ಷ ಇರುತ್ತದೆ. ಅದು 56ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಮೇಣ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ದೇವರ ದೀಪದ ಪಕ್ಕ ಬೇಡ, ಫ್ರಿಜ್ಜಿನ ಮಂಜಿನ ಖಾನೆಯೂ ಬೇಡ. ಹಿಂದೊಮ್ಮೆ ಒಬ್ಬರು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ‘ಬೆಚ್ಚಗಿರಲಿ’ ಎಂದು ಇಟ್ಟಿದ್ದರು; ಮಸಿ ಹಿಡಿದ ಮೇಣದ ಮುದ್ದೆಯನ್ನು ನನ್ನ ಮುಂದಿಟ್ಟು ಕೈಕಟ್ಟಿ ನಿಂತರು, ನಾನು ಏನು ಹೇಳಲಿ. ಒಣಗಿದ ಡಬ್ಬಿಯಲ್ಲಿ ಹಾಕಿ ಬೀರುವಿನಲ್ಲಿಡಿ. ಸ್ಲೈಡ್‌ಗಳ ನಡುವೆ ಕಾಗದವಿರಲಿ. ಡಬ್ಬಿಯ ಮೇಲೆ ಅಣ್ಣನ ಹೆಸರು, ಲ್ಯಾಬಿನ ಸಂಖ್ಯೆ, ತಾರೀಕು ಬರೆಯಿರಿ. ಬೇರೆ ಆಸ್ಪತ್ರೆಗೆ ಕೊಡುವಾಗ ಎಷ್ಟು ಬ್ಲಾಕ್, ಎಷ್ಟು ಸ್ಲೈಡ್ ಎಂದು ಎಣಿಸಿ ರಸೀದಿ ತೆಗೆದುಕೊಳ್ಳಿ. ವಾಪಸು ಬಂದಾಗ ಮತ್ತೆ ಎಣಿಸಿ.